ಕಡಲ ಮರಳು, ಟ್ರ್ಯಾಕ್ಟರಿನ ಗ್ರೀಸು

ಹೋದ ತಿಂಗಳು ನ್ಯಾಮತಿಯ ಪಶು ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಒಂದು ಬೀಳ್ಕೊಡುಗೆ ನಡೆಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಭಾಷಣ ಮಾಡಿದವರೊಬ್ಬರು ನಿವೃತ್ತರಾಗುತ್ತಿದ್ದವರನ್ನು ‘ಮೂಕಪ್ರಾಣಿಗಳ ಪಾಲಿನ ತಾಯಿ’ ಎಂದರು. ಎರಡನೆಯ ಸಾಲಿನಲ್ಲಿ ಕೂತಿದ್ದ ನಾನು ಮನಸ್ಸಿನಲ್ಲೇ ಆಕ್ಷೇಪಣೆ ಎತ್ತಿದೆ. ಈ ತಾಯಿ ಸೂಜಿ ಚುಚ್ಚುವ ಮೊದಲು ಎಮ್ಮೆಯ ತೊಡೆಗೆ ಫಟಾರನೆ ಹೊಡೆದು, “ಸುಮ್ನೆ ನಿಂತ್ಕಳೇ ಮಾರಾಣಿ” ಎಂದು ಗದರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇನ್ನೊಬ್ಬರು ‘ಸರಳ ಜೀವಿ’ ಎಂದರು. ಅದಕ್ಕಂತೂ ನನ್ನ ಬಳಿ ಅರ್ಧ ಗಂಟೆಯ ಖಂಡನೆ ಸಿದ್ಧವಿತ್ತು. ಇಷ್ಟೆಲ್ಲ ಮಾತಾಡಿದವರಲ್ಲಿ ಒಬ್ಬರೂ ಬೈಕಿನ ಸುದ್ದಿ ಎತ್ತಲಿಲ್ಲ. ಬೈಕು ಬಿಟ್ಟು ಅವರ ಬಗ್ಗೆ ಮಾತಾಡುವುದು ಎಂದರೆ ಕೊಂಬು ಬಿಟ್ಟು ಹೋರಿಯನ್ನು ವರ್ಣಿಸಿದ ಹಾಗೆ. ಅದಕ್ಕೇ ಬರೆಯಲು ಕೂತೆ.

ಹೆಸರು ಹಾಕಿದರೆ ಬೈಯುತ್ತಾರೆ. ಊರೆಲ್ಲ ಕರೆಯುವಂತೆ ಡಾಕ್ಟ್ರಮ್ಮ ಎನ್ನುತ್ತೇನೆ. ಲೆಕ್ಕಕ್ಕೆ ಅವರು ಡಾಕ್ಟರಲ್ಲ, ಪಶುವೈದ್ಯಕೀಯ ಪರೀಕ್ಷಕಿ. ನ್ಯಾಮತಿಯ ನಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದರು. ಮದುವೆಯಾಗಿರಲಿಲ್ಲ. ಹುಟ್ಟಿದ್ದು ಸಂತೇಬೆನ್ನೂರು, ಮೊದಲ ಕೆಲಸ ಜಗಳೂರಿನಲ್ಲಿ, ಆಮೇಲೆ ಹೊನ್ನಾಳಿ, ಕೊನೆಗೆ ನ್ಯಾಮತಿ. ಬೈಕು ಕಲಿತದ್ದು ಜಗಳೂರಿನಲ್ಲಿ. ಕುರಿಗಳಿಗೆ ಲಸಿಕೆ ಹಾಕಬೇಕೆಂದರೆ ಅವು ಮೇಯಲು ಹೊರಡುವ ಮೊದಲೇ ಹಟ್ಟಿ ಸೇರಬೇಕು. ಮೊದಲ ಬಸ್ಸು ಊರು ಮುಟ್ಟುವಷ್ಟರಲ್ಲಿ ಕುರಿ ಗುಡ್ಡ ಏರಿರುತ್ತಿತ್ತು. ಹೀಗಾಗಿ ಸೀರೆ ಬಿಟ್ಟು ಚೂಡಿದಾರ ತೊಟ್ಟು, ಗೇರಿನ ಹಳೆಯ ಗಾಡಿಯೊಂದನ್ನು ಕೊಂಡರು. ಕಲಿಯುವಾಗ ಕುರಿಗಾರನೊಬ್ಬ, “ಯಮ್ಮಾ, ಮಾತು ಬಿಟ್ಟು ಕ್ಲಚ್ ಹಿಡೀರಿ” ಎಂದು ಕೂಗಿದ್ದನ್ನು ತಾವೇ ಹೇಳಿಕೊಂಡು ನಗುತ್ತಿದ್ದರು.

ಹೆಂಗಸು ಬೈಕು ಓಡಿಸುವುದಕ್ಕೆ ನಮ್ಮ ಊರು ಬೇಗ ಹೊಂದಿಕೊಂಡಿತು. ಹೊಂದಿಕೊಳ್ಳದೆ ಉಳಿದದ್ದು ಇನ್ನೊಂದು ವಿಷಯಕ್ಕೆ. ಕಾಲುಬಾಯಿ ಜ್ವರದ ಲಸಿಕೆಯ ಓಡಾಟ ಮುಗಿದ ಕೂಡಲೇ ಡಾಕ್ಟ್ರಮ್ಮ ರಜೆ ಹಾಕಿ, ಸೀಟಿನ ಹಿಂದೆ ಒಂದು ಚೀಲ ಕಟ್ಟಿಕೊಂಡು, ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು ಹೊನ್ನಾವರದ ಕಡೆಯ ಕಡಲಿಗೆ ಹೋಗುತ್ತಿದ್ದರು. ಕಡಲು ನೋಡುವುದಕ್ಕಲ್ಲ. ದಂಡೆಯ ಮರಳಿನ ಮೇಲೆ ಬೈಕು ಓಡಿಸುವುದಕ್ಕೆ. ಓಡಿಸಿ, ಮರುದಿನ ವಾಪಸು.

ಇದಕ್ಕೆ ಊರಿನಲ್ಲಿ ಬೇಕಾದಷ್ಟು ಸಿದ್ಧಾಂತಗಳಿದ್ದವು. ಹೋಟೆಲಿನವರು ಕದ್ದು ಮೀನು ತಿನ್ನಲು ಹೋಗುತ್ತಾರೆ ಎಂದರು. ಎದುರುಮನೆಯವರು ಅಲ್ಲಿ ಹಳೆಯ ಪ್ರೇಮಿಯೊಬ್ಬನಿದ್ದಾನೆ ಎಂದರು. ನನ್ನ ಅಮ್ಮ, “ಉಪ್ಪುಗಾಳಿಗೆ ಕೀಲುನೋವು ಹೋಗ್ತೈತಂತೆ” ಎಂದು ಆರೋಗ್ಯದ ಕಡೆಗೆ ಎಳೆದಳು. ಹೊನ್ನಾಳಿ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಯೇ ನನಗೆ ಊಟ, ತಿಂಡಿ ಆಗಿತ್ತು. ಪುರಾವೆ ಇಲ್ಲದ ಮಾತು ಕೇಳಿದರೆ ಮೈ ತುರಿಸುತ್ತಿತ್ತು. ಇವರಲ್ಲಿ ಒಬ್ಬರೂ ಹೋಗಿ ಡಾಕ್ಟ್ರಮ್ಮನನ್ನೇ ಕೇಳಿರಲಿಲ್ಲ. ನಾನು ಕೇಳಿದೆ.

ಕೇಳಲು ಸರಿಯಾದ ಹೊತ್ತೆಂದರೆ ಅವರು ಕಡಲಿನಿಂದ ಬಂದ ಮರುದಿನದ ಬೆಳಗು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೈಕನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮಣೆ ಹಾಕಿಕೊಂಡು ಕೂರುತ್ತಿದ್ದರು. ಮೊದಲು ಚೈನಿಗೆ ಬರೀ ನೀರು. ಆಮೇಲೆ ಡೀಸೆಲ್. ಅದನ್ನು ಸುರಿಯುತ್ತಿರಲಿಲ್ಲ. ದನಗಳಿಗೆ ಬಳಸಿ ಹಳತಾದ ದಪ್ಪ ಸಿರಿಂಜಿನಲ್ಲಿ ಎಳೆದುಕೊಂಡು, ಚೈನಿನ ಒಂದೊಂದು ಕೊಂಡಿಯ ಸಂದಿಗೂ ಚುಚ್ಚುಮದ್ದು ಕೊಟ್ಟ ಹಾಗೆ ಬಿಡುತ್ತಿದ್ದರು. ಎಡಗೈಯಲ್ಲಿ ಹಿಂದಿನ ಚಕ್ರ ನಿಧಾನಕ್ಕೆ ತಿರುಗಿಸುವುದು, ಬಲಗೈಯಲ್ಲಿ ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ತಿಕ್ಕುವುದು. ಮರಳು ಸಣ್ಣಗೆ ಉದುರುತ್ತಿತ್ತು. ಕೊನೆಗೆ ಹರಿದ ಬನಿಯನ್ನಿನಿಂದ ಒಣಗುವಷ್ಟು ಒರೆಸಿ, ಅದೇ ಸಿರಿಂಜಿನಿಂದ ತೆಳುವಾಗಿ ಎಣ್ಣೆ. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

“ಡಾಕ್ಟ್ರಮ್ಮ, ಕಡಲು ನೋಡಬೇಕಂದ್ರೆ ಬಸ್ಸೈತೆ. ಮರಳು ಹತ್ತಿಸ್ಕೊಂಡು ಬಂದು ಆಮೇಲೆ ಕೂತು ತಿಕ್ಕೋದ್ರಲ್ಲಿ ಏನು ಅರ್ಥ?”

“ನೀನು ಉಂಡು ತಟ್ಟೆ ತೊಳಿಯಂಗಿಲ್ವಾ?”

“ಹೋಲಿಕೆ ಸರಿಯಿಲ್ಲ. ಊಟ ಅಗತ್ಯ.”

“ಇದು ಅಗತ್ಯ ಅಲ್ಲ ಅಂತ ಯಾರು ಹೇಳಿದ್ರು, ಲಾಯರಮ್ಮ?”

ಆಗ ನಾನಿನ್ನೂ ಬಿ.ಎ. ವಕೀಲಿ ಓದುವ ಯೋಚನೆ ಕೂಡ ಇರಲಿಲ್ಲ. ನನ್ನನ್ನು ಅವರು ಆಗಲೇ ಹಾಗೆ ಕರೆಯುತ್ತಿದ್ದರು, ಗೇಲಿಗೆ.

ಒಮ್ಮೆ ಕಲ್ಲಿನ ಮೇಲೆ ಕೂಡಿದ ಮರಳನ್ನು ತೋರಿಸಿ, ಇದನ್ನು ಒಂದು ಸೀಸೆಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದೆ. ಹಾಗೆ ಇಟ್ಟುಕೊಳ್ಳುವವರಿದ್ದಾರೆ ಎಂದು ಎಲ್ಲೋ ಓದಿದ್ದೆ. ಅವರು ಒಂದು ಚೊಂಬು ನೀರು ಹೊಡೆದು ಎಲ್ಲವನ್ನೂ ಚರಂಡಿಗೆ ತಳ್ಳಿದರು. “ಮತ್ತೇನು, ಪೂಜೆ ಮಾಡ್ಲಾ?” ಆವತ್ತು ಅವರ ಮೇಲೆ ನನಗೆ ಗೌರವ ಬಂತು.

ಹೊನ್ನಾಳಿಯ ಹೊಳೆಯ ಬಗ್ಗೆಯೂ ಕೇಳಿದ್ದೆ. ಬೇಸಿಗೆಯಲ್ಲಿ ತುಂಗಭದ್ರೆಯ ದಂಡೆಯಲ್ಲೂ ಮರಳಿರುತ್ತದೆ. ಅಷ್ಟು ದೂರ ಯಾಕೆ?

“ಹೊಳ್ಯಾಗೆ ಯಾರಾದ್ರೂ ದನ ಮೈತೊಳಿಸ್ತಾ ಇರ್ತಾರೆ. ‘ಡಾಕ್ಟ್ರಮ್ಮಾ, ನಿಂದ್ರಿ, ಇದು ಯಾಕೋ ಮೇವು ತಿನ್ವಲ್ದು’ ಅಂತ ಕೈ ಅಡ್ಡ ಹಿಡೀತಾರೆ. ಹೊನ್ನಾಳಿ ರಸ್ತ್ಯಾಗೂ ಅದೇ, ಚನ್ನಗಿರಿ ರಸ್ತ್ಯಾಗೂ ಅದೇ. ನಾನು ಗಾಡಿ ಹತ್ತಿದ್ರೆ ಯಾರೋ ಒಬ್ರು ಇಳಿಸ್ತಾರೆ. ಅಲ್ಲಿ ಯಾರೂ ಇಳಿಸಂಗಿಲ್ಲ. ಮೊದಲನೇ ಸಲ ಹೋದಾಗ ರಸ್ತೆ ಮುಗೀತು, ನಾನು ನಿಲ್ಲಿಸ್ಲಿಲ್ಲ. ಅಷ್ಟೇ.”

ನನ್ನ ಮಟ್ಟಿಗೆ ಇದು ಅರ್ಧ ಉತ್ತರ. ಯಾರೂ ಇಳಿಸದ ಜಾಗ ಬೇಕಿದ್ದರೆ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಬೋಳುಗುಡ್ಡಗಳಿವೆ. ಆದರೂ ಬಾಕಿ ಅರ್ಧಕ್ಕೆ ಕಾಯೋಣ ಎಂದು ಬಿಟ್ಟೆ.

ನಿವೃತ್ತಿಗೆ ಇನ್ನೂ ಸ್ವಲ್ಪ ಸಮಯ ಇರುವಾಗ ಅವರ ಬಲಭುಜ ಹೋಯಿತು. ಎಮ್ಮೆಯೊಂದು ಈಯುತ್ತಿತ್ತು, ಕರು ಹೊಟ್ಟೆಯಲ್ಲಿ ಅಡ್ಡ ನಿಂತಿತ್ತು, ಇವರ ಕೈ ಒಳಗಿತ್ತು, ಎಮ್ಮೆ ಗಕ್ಕನೆ ತಿರುಗಿ ಇವರನ್ನು ಕಂಬಕ್ಕೆ ಒತ್ತಿತು. ಕರು ಉಳಿಯಿತು. ಇವರ ಕೈ ಕಿವಿಯಿಂದ ಮೇಲೆ ಏಳದಾಯಿತು. ದಾವಣಗೆರೆಯ ಮೂಳೆ ಡಾಕ್ಟರು ಬೈಕು ಬಿಡಿ ಎಂದರು. ಇವರು ಬಿಡಲಿಲ್ಲ. ಎಡಗೈಯಲ್ಲಿ ತಲೆ ಬಾಚಿಕೊಂಡು, ಬಲಗೈಯಲ್ಲಿ ಗಾಡಿ ಓಡಿಸಿಕೊಂಡು ಊರೂರು ತಿರುಗಿದರು.

ಸಂತೇಬೆನ್ನೂರಿನಿಂದ ತಮ್ಮ ಬಂದ. ರುದ್ರಪ್ಪ. ಅಡಿಕೆ, ಮೆಕ್ಕೆಜೋಳ, ಒಂದು ಟ್ರ್ಯಾಕ್ಟರು ಇರುವ ಮನುಷ್ಯ. ಅಕ್ಕನೆಂದರೆ ಪ್ರಾಣ. ಅದನ್ನು ಜಗಳವಾಡುವುದರಲ್ಲಿ ಮಾತ್ರ ತೋರಿಸಬಲ್ಲ.

“ಅಕ್ಕ, ಕೀ ಕೊಡು.”

“ಕೊಟ್ರೆ ನಾನೇನು ಮಾಡ್ಲಿ?”

“ಆಸ್ಪತ್ರ್ಯಾಗೆ ಕುಂದ್ರು. ಬಂದ ದನ ನೋಡು.”

“ನಿಲ್ಲಾಕಾಗದ ದನ ಆಸ್ಪತ್ರೆಗೆ ಹೆಂಗೆ ಬರ್ತೈತೋ? ನಿನ್ನ ಟ್ರ್ಯಾಕ್ಟರ್‌ನಾಗೆ ಹೊತ್ಕೊಂಡು ಬರ್ತೀಯಾ? ಕೀ ಕೊಟ್ಟ ದಿನ ನನ್ನ ಕೆಲಸ ಮುಗೀತು ಅಂತ ತಿಳ್ಕೋ.”

“ಬಿದ್ದು ಸತ್ರೆ?”

“ಸತ್ರೆ ಕೀ ನಿನಗೇ ಬರ್ತೈತಲ್ಲ.”

ರುದ್ರಪ್ಪನ ಕಣ್ಣಲ್ಲಿ ನೀರು ಬಂತು. ಅಕ್ಕ ಅದನ್ನು ನೋಡಿ ಸ್ವಲ್ಪ ಮೆತ್ತಗಾದರು. ಆಮೇಲೆ ಒಂದು ಪಂದ್ಯ ಕಟ್ಟಿದರು. ಕಡಲ ದಂಡೆಯ ಮೇಲೆ, ದೋಣಿ ಎಳೆಯುವ ಜಾಗದಿಂದ ಬಂಡೆಗಳ ತನಕ ಹೋಗಿ ಬರುತ್ತೇನೆ. ಬಿದ್ದರೆ ಕೀ ನಿನ್ನದು. ಬೀಳದಿದ್ದರೆ ನಿವೃತ್ತಿಯ ತನಕ ಬೈಕಿನ ಮಾತು ಎತ್ತಬಾರದು. ಮರಳಿನಲ್ಲಿ ನಿಭಾಯಿಸಿದ ಕೈ ಡಾಂಬರಿನಲ್ಲಿ ಸೋಲುವುದಿಲ್ಲ ಎಂಬುದು ಅವರ ತರ್ಕ. ತರ್ಕದಲ್ಲಿ ಹುಳುಕು ಹುಡುಕಲು ನೋಡಿದೆ. ಸಿಗಲಿಲ್ಲ.

“ಬೀಳಲಿಲ್ಲ ಅಂತ ನೀನೇ ಬಂದು ಹೇಳ್ತೀಯ. ನಾನು ನಂಬಬೇಕು” ಎಂದ ರುದ್ರಪ್ಪ.

“ಈ ಹುಡುಗೀನ ಕರ್ಕೊಂಡು ಹೋಗ್ತೀನಿ. ಇವಳು ತೀರ್ಪು ಕೊಡ್ಲಿ.”

ತೀರ್ಪುಗಾರಳಾದ ಮೇಲೆ ನಿಯಮ ಸ್ಪಷ್ಟವಾಗಿರಬೇಕು ಎಂದೆ. ಕಾಲು ಊರಿದರೆ ಬಿದ್ದಂತೆಯೋ? ಗಾಡಿ ವಾಲಿ, ಆಮೇಲೆ ಎದ್ದರೆ? ಹೂತುಕೊಂಡು ನಿಂತುಬಿಟ್ಟರೆ?

ರುದ್ರಪ್ಪ ನನ್ನನ್ನೇ ದಿಟ್ಟಿಸಿ ನೋಡಿದ. “ಬಟ್ಟೆಗೆ ಮರಳು ಮೆತ್ತಿದ್ರೆ ಬಿದ್ದಂಗೆ ಕಣವ್ವ. ಇದಕ್ಕೂ ಲಾ ಪುಸ್ತಕ ಬೇಕಾ?”

ಹೊರಡುವ ಹಿಂದಿನ ಸಂಜೆ ಅವನು ಮತ್ತೆ ಬಂದ. ಸೋಲಲಿ ಎಂದು ಬಯಸುವವನು ಹೀಗೆ ಬರುವುದಿಲ್ಲ. ಟಯರಿನ ಗಾಳಿ ನೋಡಿದ, ಬ್ರೇಕು ಬಿಗಿ ಮಾಡಿದ, ಕೊನೆಗೆ ಟ್ರ್ಯಾಕ್ಟರಿನ ಗ್ರೀಸ್ ಡಬ್ಬಿ ತೆಗೆದು ಮಂಡಿಯೂರಿ ಕೂತು ಚೈನಿಗೆ ಬೆರಳಲ್ಲಿ ಬಳಿದ, ಹೋಳಿಗೆಗೆ ತುಪ್ಪ ಸವರಿದ ಹಾಗೆ, ಒಂದು ಕೊಂಡಿಯೂ ಬಿಡದೆ. ನಮ್ಮ ಕಡೆಯ ಬೇಸಾಯಗಾರರ ನಂಬಿಕೆ ಇದು. ಅಲುಗಾಡುವ ಕಬ್ಬಿಣಕ್ಕೆಲ್ಲ ಗ್ರೀಸು ಬೇಕು, ದೂರದ ದಾರಿಯಾದರೆ ಇನ್ನೂ ಬೇಕು. ಡಾಕ್ಟ್ರಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಅವನನ್ನು ತಡೆಯಲಿಲ್ಲ. ನನಗೆ ಆಗ ಅದು ವಿಶೇಷ ಅನ್ನಿಸಲಿಲ್ಲ.

ಹೊನ್ನಾವರದಾಚೆ ಒಂದು ಸಣ್ಣ ಲಾಡ್ಜಿನಲ್ಲಿ ಉಳಿದೆವು. ರಾತ್ರಿ ಅವರು ಮೊಸರನ್ನ ತಿಂದರು. ಮೀನಿನ ಸಿದ್ಧಾಂತ ಬಿತ್ತು. ಯಾರೂ ಭೇಟಿಗೆ ಬರಲಿಲ್ಲ. ಪ್ರೇಮಿಯೂ ಬಿದ್ದ. ಬೆಳಗ್ಗೆ ಎದ್ದು “ಅಯ್ಯೋ ನನ್ನ ಭುಜ” ಎಂದರು. ಅಮ್ಮನ ಉಪ್ಪುಗಾಳಿಯೂ ಹೋಯಿತು.

ನೀರು ಹಿಂದೆ ಸರಿದ ಹೊತ್ತಿಗೆ ದಂಡೆಗೆ ಇಳಿದೆವು. ಒದ್ದೆ ಮರಳು ಸಾರಿಸಿದ ನೆಲದಂತೆ ಗಟ್ಟಿಯಾಗಿತ್ತು. ದೋಣಿಗಳ ಹತ್ತಿರ ನನ್ನನ್ನು ಇಳಿಸಿ, ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅವರು ಹೊರಟರು. ನಾನು ಆ ತನಕ ಅವರನ್ನು ಯಾವತ್ತೂ ಅವಸರವಿಲ್ಲದೆ ಕಂಡಿರಲಿಲ್ಲ. ಊರಿನಲ್ಲಿ ಅವರ ಬೈಕು ಯಾವಾಗಲೂ ಯಾರದೋ ನೋವಿನ ಕಡೆಗೆ ಓಡುತ್ತಿತ್ತು. ಇಲ್ಲಿ ಅದಕ್ಕೆ ಮುಟ್ಟಬೇಕಾದ ಮನೆ ಇರಲಿಲ್ಲ. ನೇರ ಹೋಗಬಹುದಾದರೂ ಅವರು ಅಲೆಯ ಅಂಚು ಹಿಡಿದು ಒಳಗೆ ಹೊರಗೆ ಬಾಗುತ್ತ ಹೋದರು. ಬಾಕಿ ಅರ್ಧ ಉತ್ತರ ಇದೇ ಇರಬೇಕು ಅನ್ನಿಸಿತು. ಅನ್ನಿಸಿತು ಎನ್ನುವುದು ಪುರಾವೆಯಲ್ಲ, ನನಗೆ ಗೊತ್ತು.

ಬಂಡೆಗಳ ಹತ್ತಿರ ಚುಕ್ಕೆಯಾಗಿ, ತಿರುಗಿ ದೊಡ್ಡದಾಗುತ್ತ ಬಂದರು. ನಡುವೆ ಸಣ್ಣ ತೊರೆಯೊಂದು ಕಡಲು ಸೇರುವಲ್ಲಿ ಮರಳು ಸಡಿಲವಾಗಿತ್ತು. ಹಿಂದಿನ ಚಕ್ರ ಈಜತೊಡಗಿತು. ಬೈಕು ಎಡಕ್ಕೆ ವಾಲಿತು. ಅವರು ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಹ್ಯಾಂಡಲ್ಲನ್ನು ಬಿಗಿಹಿಡಿಯುವ ಬದಲು ಸಡಿಲ ಬಿಟ್ಟು, ಬೆದರಿದ ಹೋರಿಯನ್ನು ಅದರ ದಾರಿಗೇ ಬಿಟ್ಟು ತಣಿಸಿದ ಹಾಗೆ ಗಾಡಿಯನ್ನು ದಾಟಿಸಿದರು. ನಾನು ಚಪ್ಪಾಳೆ ತಟ್ಟಿದೆ. ತೀರ್ಪುಗಾರರು ತಟ್ಟಬಾರದು.

ಆಮೇಲೆ ನಿಂತರು. ನನ್ನ ಹತ್ತಿರ ಅಲ್ಲ, ಸ್ವಲ್ಪ ಆಚೆ, ಮರಳಿನ ಮೇಲೆ ಮಲಗಿದ್ದ ಹಸುವೊಂದರ ಹತ್ತಿರ. ಇಳಿದು ಬಾಯಿ ತೆರೆಸಿ ನೋಡಿ, ಗೊರಸು ಎತ್ತಿ ನೋಡಿ, “ಏನಿಲ್ಲ, ಸೋಮಾರಿ” ಎಂದರು.

“ಇಲ್ಲಿ ಯಾರೂ ಇಳಿಸಲ್ಲ ಅಂದ್ರಿ. ನೀವೇ ಇಳಿದ್ರಲ್ಲ?”

“ಅದು ಬೇರೆ” ಎಂದರು. ವಾದದಲ್ಲಿ ಅವರು ಪೂರ್ತಿ ಸೋತದ್ದು ಅದೊಂದೇ ಸಲ. ನಗುತ್ತಲೇ ಸೋತರು.

ಬಟ್ಟೆಗೆ ಮರಳು ಮೆತ್ತಿರಲಿಲ್ಲ. ಗೆದ್ದಿದ್ದರು. ಆದರೆ ಲಾಡ್ಜಿನ ಕಡೆ ಹೊರಟಾಗ ಚೈನು ರಾಗಿ ಬೀಸುವ ಕಲ್ಲಿನಂತೆ ಕರಕರ ಎನ್ನತೊಡಗಿತು. ಲಾಡ್ಜಿನ ಹಿತ್ತಲ ನಲ್ಲಿಯ ಹತ್ತಿರ ನಿಲ್ಲಿಸಿ ನೋಡಿದರೆ, ರುದ್ರಪ್ಪ ಬಳಿದ ಗ್ರೀಸಿಗೆ ಇಡೀ ದಂಡೆಯೇ ಅಂಟಿಕೊಂಡು ಬಂದಿತ್ತು. ತೆಳು ಎಣ್ಣೆಯ ಚೈನಿನಿಂದ ಉದುರಿ ಹೋಗುವ ಮರಳು, ಗ್ರೀಸಿನೊಳಗೆ ಕಲಸಿ ಕರಿ ಅಂಬಲಿಯಾಗಿತ್ತು. ನೀರಿಗೆ ಜಗ್ಗಲಿಲ್ಲ. ಡೀಸೆಲ್‌ಗೂ ಅರೆಬರೆ.

ಡಾಕ್ಟ್ರಮ್ಮ ಕೂತು ತಿಕ್ಕತೊಡಗಿದರು. ಸ್ವಲ್ಪ ಹೊತ್ತಿಗೆ ಬ್ರಶ್ಶು ಕೈಯಿಂದ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು. ಎಡಗೈಗೆ ಬದಲಿಸಿದರು, ಆಗ ಚಕ್ರ ತಿರುಗಿಸಲು ಬಲಗೈ ಒಪ್ಪಲಿಲ್ಲ. ಓಡಿಸುವಾಗ ಎಲ್ಲಿತ್ತೋ ಈ ನೋವು, ಈಗ ಮುಖದ ಮೇಲೆ ಬಂದು ಕೂತಿತ್ತು. ಆಮೇಲೆ ಬ್ರಶ್ಶನ್ನು ನನ್ನ ಕಡೆ ಚಾಚಿದರು.

“ಹಿಡ್ಕೋ.”

ನಾನು ತಿಕ್ಕಿದೆ. ನನಗೂ ಪೂರ್ತಿ ಬರಲಿಲ್ಲ.

“ಗ್ರೀಸ್ ಹಚ್ಚಿದ್ರೆ ಹಿಂಗಾಗ್ತೈತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಮತ್ತೆ ರಾತ್ರೀನೇ ಒರೆಸ್ಬೇಕಿತ್ತು.”

“ಮಂಡಿಯೂರಿ ಕುಂತು ಹಚ್ಚಿದಾನೆ ಕಣೇ. ಅವನಿಗೂ ಮಂಡಿನೋವು. ಬೆಳಿಗ್ಗೆ ಬಂದು ಚೈನ್ ನೋಡಿದ್ದಿದ್ರೆ? ಒರೆಸಾಕೆ ಮನಸು ಬರ್ಲಿಲ್ಲ.”

ಆಮೇಲೆ, ಬೇರೆ ಯಾರಿಗೋ ಹೇಳುವಂತೆ, “ಇನ್ನು ಮರಳಿಗೆ ಇಳಿಯಂಗಿಲ್ಲ” ಎಂದರು.

ನಾನು ಎದ್ದು ನಿಂತೆ. ಪಂದ್ಯ ಬೀಳುವುದರ ಬಗ್ಗೆ ಇತ್ತು, ತಿಕ್ಕುವುದರ ಬಗ್ಗೆ ಅಲ್ಲ. ಗ್ರೀಸು ಇಲ್ಲದಿದ್ದರೆ ಕೈ ಸೋಲುತ್ತಿರಲಿಲ್ಲ. ಮುಂದಿನ ಸಲ ಗ್ರೀಸಿಲ್ಲದೆ ಬನ್ನಿ. ಅದೂ ಬೇಡವೆಂದರೆ ತಿಕ್ಕಲು ನಾನಿದ್ದೇನೆ. ಒಂದರ ಮೇಲೊಂದು ನಾಲ್ಕಾರು ವಾದ ಮುಂದಿಟ್ಟೆ. ಎಲ್ಲವೂ ಗಟ್ಟಿ ವಾದಗಳೇ. ಈಗಲೂ ಅವನ್ನು ಹಿಂತೆಗೆದುಕೊಳ್ಳುವುದಿಲ್ಲ.

“ನಿನ್ನ ಮಾತು ಸರಿ ಐತೆ” ಎಂದರು. “ರಸ್ತೆಗೆ ಈ ಕೈ ಸಾಕು. ದನ ನೋಡಾಕೆ ಸಾಕು. ಅದನ್ನ ನಾನು ಬಿಡಂಗಿಲ್ಲ, ಗೆದ್ದೀನಲ್ಲ. ಆದ್ರೆ ಇದು ನಾನು ಒಬ್ಬಳೇ ಹತ್ತಿಸ್ಕೊಂಡು ಬಂದು, ಒಬ್ಬಳೇ ಕುಂತು ತೆಗೆಯೋದಾಗಿತ್ತು. ಇನ್ನೊಬ್ರ ಕೈಲಿ ತೆಗೆಸಿದ್ರೆ ಅದು ಬರೇ ರಿಪೇರಿ.”

ಎಲ್ಲ ಮಾತಿಗೂ ಎದುರುಮಾತು ಹುಡುಕುವುದು ನನ್ನ ಚಾಳಿ. ಇದಕ್ಕೂ ಹುಡುಕಿದೆ. ಘಟ್ಟ ಹತ್ತುವಾಗಲೂ ಹುಡುಕುತ್ತಲೇ ಇದ್ದೆ. ಚೈನು ದಾರಿಯುದ್ದಕ್ಕೂ ನರಳುತ್ತಿತ್ತು.

ಮನೆ ಮುಟ್ಟಿದಾಗ ರುದ್ರಪ್ಪ ನಮ್ಮ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದ. ಅಕ್ಕನ ಬಟ್ಟೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಆಮೇಲೆ ನನ್ನನ್ನು.

“ಬಿದ್ದಳಾ?”

“ಇಲ್ಲ.”

ಸೋತವನ ಮುಖ ಅಷ್ಟು ಅರಳಿದ್ದನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿಲ್ಲ. “ನಮ್ಮಕ್ಕ ಅಂದ್ರೆ ಏನಂದ್ಕೊಂಡೀಯವ್ವ!” ಎಂದು ನನಗೇ ಸವಾಲು ಹಾಕಿದ, ಬಿದ್ದರು ಎಂದು ನಾನೇ ವಾದಿಸಿದ್ದೆನೇನೋ ಎನ್ನುವಂತೆ. ಮಾತಿಗೆ ತಪ್ಪಲಿಲ್ಲ, ಆವತ್ತಿನಿಂದ ಅವರು ನಿವೃತ್ತರಾಗುವ ತನಕ ಕೀಲಿಯ ಸುದ್ದಿ ಎತ್ತಲಿಲ್ಲ.

ಡಾಕ್ಟ್ರಮ್ಮ ಬೈಕನ್ನು ಹಿತ್ತಲಿಗೆ ತಳ್ಳಿ, “ರುದ್ರ, ನನಗೆ ಸುಸ್ತಾಗೈತೆ. ಚೈನ್ ತೊಳೆದು ಕೊಡ್ತೀಯೇನೋ?” ಎಂದರು. ಅವನಿಗೆ ನಂಬಲಾಗಲಿಲ್ಲ. ಆ ಚೈನನ್ನು ತೊಳೆಯಲು ಆವರೆಗೆ ಅವನನ್ನು ಯಾವತ್ತೂ ಕರೆದಿರಲಿಲ್ಲ. ಲುಂಗಿ ಮೇಲೆ ಕಟ್ಟಿ, ಮಂಡಿ ಹಿಡಿದುಕೊಂಡು ಕೂತು, ಕಡ್ಡಿಯಿಂದ ಕೆರೆಯತೊಡಗಿದ. ಕರಿ ಅಂಬಲಿ ಮುದ್ದೆ ಮುದ್ದೆಯಾಗಿ ಕಲ್ಲಿನ ಮೇಲೆ ಬಿತ್ತು.

“ಅಬ್ಬಬ್ಬಾ! ಏನಕ್ಕ ಇಷ್ಟು ಮರಳು? ಪ್ರತಿ ಸಲ ಹಿಂಗೇ ಬರ್ತೈತಾ?”

ನಾನು ಬಾಯಿ ತೆರೆದೆ. ಡಾಕ್ಟ್ರಮ್ಮ ನನ್ನ ಕಡೆ ನೋಡಿದರು. ಬಾಯಿ ಮುಚ್ಚಿದೆ.

“ಪ್ರತಿ ಸಲ ಹಿಂಗೇ” ಎಂದರು.

“ನಾನು ಗ್ರೀಸ್ ಹಚ್ಚಿದ್ದಕ್ಕೆ ಬಚಾವು. ಇಲ್ದಿದ್ರೆ ಚೈನ್ ಕತ್ತರಿಸ್ಕೊಂಡು ಹೋಗ್ತಿತ್ತು ನೋಡು.” ಅವನು ಮಣಿಕಟ್ಟಿನಿಂದ ಮೂಗು ಒರೆಸಿಕೊಂಡ. “ಮುಂದಿನ ಸಲ ಹೋಗಾಕೆ ಮುಂಚೆ ಒಂದು ಫೋನ್ ಮಾಡು. ಬಂದು ಇನ್ನೂ ದಪ್ಪಗೆ ಹಚ್ಚಿ ಕಳಿಸ್ತೀನಿ.”

“ಹಚ್ಚೀಯಂತೆ ಬಿಡು” ಎಂದು ಡಾಕ್ಟ್ರಮ್ಮ ಅವನಿಗೆ ಚಹಾ ಕಾಸಲು ಒಳಗೆ ಹೋದರು.